ತೋಟದ ಆಳು

ಅವನು ಬಂದ ದಿನ ನಾಯಿ ಬೊಗಳಲಿಲ್ಲ.

ದೀನಮ್ಮನ ಕರಿಯಾನ ಗುಣ ಕಮಲಾಪುರದ ಆ ಕಡೆಯವರಿಗೆಲ್ಲ ಗೊತ್ತಿತ್ತು. ಅಂಚೆಯವನಿಂದ ಹಿಡಿದು ಚರ್ಚಿನ ಪಾಸ್ಟರ್ ತನಕ, ಅವಳ ತೋಟಕ್ಕೆ ಬರುವವರು ಕೈಯಲ್ಲೊಂದು ಕಟ್ಟಿಗೆ ಹಿಡಿದೇ ಬರುತ್ತಿದ್ದರು. ಅಂಥ ನಾಯಿ ಅವತ್ತು ಮಟಮಟ ಮಧ್ಯಾಹ್ನ, ಬೇಲಿಯ ಬಾಗಿಲು ಸರಿಸಿ ಒಳಗೆ ಬಂದ ಅಪರಿಚಿತನ ಹತ್ತಿರ ಹೋಯಿತು, ಅವನ ಅಂಗೈ ಮೂಸಿತು, ಆಮೇಲೆ ಅವನ ಪಾದದ ಮೇಲೆ ಗದ್ದ ಇಟ್ಟು ಮಲಗಿಬಿಟ್ಟಿತು. ಗಾಳಿ ಇರಲಿಲ್ಲ. ಕೆಂಪುಬಾಳೆಯ ಗಿಡಗಳು ಉಸಿರು ಬಿಗಿಹಿಡಿದ ಹಾಗೆ ನಿಂತಿದ್ದವು.

“ತೋಟಕ್ಕ ಆಳು ಬೇಕೇನ್ರಿ, ಯವ್ವಾ?”

ವಯಸ್ಸು ಮೂವತ್ತು ದಾಟಿತ್ತು. ಹೆಸರು ಅಣವೀರಪ್ಪ ಅಂದ. ಲಿಂಗವಂತರ ಮನೆಯ ಹೆಸರು. ದೀನಮ್ಮ ಅವನ ಕೈ ನೋಡಿದಳು. ಸಲಿಕೆ ಹಿಡಿದು ಬೆಳೆದ ಕೈ ಅಲ್ಲ.

“ನಾವು ಕ್ರಿಸ್ತರ ಮಂದಿ, ಗೊತ್ತದ ಇಲ್ಲೋ? ಇಲ್ಲಿ ಇದ್ರ ನಮ್ಮ ಮನ್ಯಾಗ ಉಣಬೇಕಾಗ್ತದ.”

“ನೀವು ಕೊಟ್ರ ಉಣ್ತೀನ್ರಿ,” ಅಂದ. ಅಂದವನು ಮುಖ ಎತ್ತಲಿಲ್ಲ.

ಆಳು ಬೇಕಾಗಿದ್ದದ್ದು ನಿಜ. ಒಬ್ಬನೇ ಮಗ ಸುನೀಲಕುಮಾರ ಹೋದ ಮೇಲೆ ತೋಟ ಅರ್ಧ ಕಾಡಾಗಿತ್ತು. ಸುನೀಲ ಕಲಬುರಗಿಯ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದ. ಶಹಾಬಜಾರದಲ್ಲಿ ಒಂದು ಕೋಣೆ ಹಿಡಿದಿದ್ದ. ಭಾನುವಾರದ ಆರಾಧನೆಗೆ ಅವ್ವನ ಜೋಡಿ ಕೂರಬೇಕು ಅಂತ ನಸುಕಿನಲ್ಲೇ ಮೋಟರ್‌ಸೈಕಲ್ ಹತ್ತಿ ಬರುತ್ತಿದ್ದ. ಹಾಗೆ ಬರುತ್ತಿದ್ದಾಗಲೇ, ಊರು ಇನ್ನೇನು ಬಂತು ಅನ್ನುವ ತಿರುವಿನಲ್ಲಿ, ಎದುರಿನಿಂದ ಬಂದ ಮಾಲಿನ ಗಾಡಿ ಅವನನ್ನು ಬಡಿಯಿತು. ದೀನಮ್ಮ ಪೊಲೀಸ್ ಠಾಣೆಗೆ ಹೋಗಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ಎಲ್ಲ ಓಡಾಡಿದವನು ಅವಳ ತಮ್ಮ. ಅವನಿಗೆ ಒಂದೇ ಮಾತು ಹೇಳಿದ್ದಳು: “ಆ ಗಾಡಿಯಾಂವನ ಹೆಸರು ನನ್ನ ಕಿವಿಗಿ ಬೀಳಬಾರ್ದು. ಬಿತ್ತಂದ್ರ ನಾ ಪ್ರಾರ್ಥನಾ ಮಾಡೂದು ಬಿಟ್ಟು ಅವಗ ಶಾಪ ಹಾಕ್ಕೋತ ಕುಂದರ್ತೀನಿ.” ತಮ್ಮ ಆ ಹೆಸರು ಹೊಟ್ಟೆಯಲ್ಲೇ ಇಟ್ಟುಕೊಂಡು ಬೀದರಿಗೆ ಹೋದ.

ಅಣವೀರಪ್ಪ ಎಮ್ಮೆಯ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಉಳಿದ. ಮೊದಲ ವಾರ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಬಟ್ಟೆ ಸುತ್ತಿಕೊಂಡು ಅಗೆದ. ಮಾತು ಕಡಿಮೆ. ಆದರೆ ದೀನಮ್ಮನಿಗೆ ಅವನ ಬಗ್ಗೆ ಒಳಗೊಳಗೇ ಏನೋ ತಟ್ಟತೊಡಗಿತು.

ಒಂದು ದಿನ ಮುಂಜಾನೆ ಅವಳಿಗೆ ಜ್ವರ. ಎದ್ದು ಎಮ್ಮೆ ಹಿಂಡಲು ಆಗಲಿಲ್ಲ. ಆ ಎಮ್ಮೆ ಬೇರೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ನೆರೆಮನೆಯ ಭೀಮಬಾಯಿಗೆ ಒಮ್ಮೆ ಒದ್ದು ಬಕೆಟ್ಟು ಸಮೇತ ಕೆಡವಿತ್ತು. ಇವತ್ತು ಹಾಲು ಹೋಯಿತು ಅಂದುಕೊಂಡು ಮಲಗಿದ್ದವಳ ಕಿವಿಗೆ ಕೊಟ್ಟಿಗೆಯಿಂದ ಅಣವೀರಪ್ಪನ ಧ್ವನಿ ಬಂತು.

“ಸರೀರಿ, ಕಲೆಕ್ಟರ್ ಮೇಡಂ. ಸ್ವಲ್ಪ ಸರೀರಿ.”

ದೀನಮ್ಮ ಎದ್ದು ಕೂತಳು. ಎಮ್ಮೆಯ ಠೀವಿ ನೋಡಿ ಸುನೀಲ ಇಟ್ಟ ಹೆಸರು ಅದು. ಹೊರಗಿನವರು ನಗುತ್ತಾರೆ ಅಂತ ಅವ್ವ ಮಗ ಇಬ್ಬರೇ ಇದ್ದಾಗ ಮಾತ್ರ ಹಾಗೆ ಕರೆಯುತ್ತಿದ್ದರು. ಅವನು ಸತ್ತ ಮೇಲೆ ಅವಳೂ ಕರೆದಿರಲಿಲ್ಲ.

ಆಮೇಲೆ ಹಾಲಿನ ಧಾರೆಯ ಸಪ್ಪಳದ ಜೊತೆ ಸಿಳ್ಳೆ ಶುರುವಾಯಿತು. ಆ ರಾಗ ಕೇಳಿ ಅವಳ ಜ್ವರವೇ ಇಳಿದುಹೋಯಿತು, ಮೈಯೆಲ್ಲ ತಣ್ಣಗಾಯಿತು. ಅದು ಚರ್ಚಿನ ಹಾಡಲ್ಲ, ರೇಡಿಯೋದ ಹಾಡಲ್ಲ. ಸುನೀಲ ತೊಟ್ಟಿಲಲ್ಲಿದ್ದಾಗ, ಎಮ್ಮೆ ಹಿಂಡುತ್ತಾ ಅವನನ್ನೂ ಸುಮ್ಮನಿರಿಸಲು ಅವಳೇ ಕಟ್ಟಿಕೊಂಡ ರಾಗ. ಈ ಬೇಲಿ ದಾಟಿ ಅದು ಹೊರಗೆ ಹೋದದ್ದೇ ಇಲ್ಲ. ಸಿಳ್ಳೆ ಮೇಲೇರಿತು, ಒಂದು ಕಡೆ ಬಾಗಿತು, ಬಾಗಿದಲ್ಲೇ ಕತ್ತರಿಸಿದ ಹಾಗೆ ನಿಂತಿತು. ಮತ್ತೆ ಮೊದಲಿನಿಂದ ಶುರು. ಮತ್ತೆ ಅಲ್ಲೇ ನಿಂತಿತು.

“ಆ ರಾಗ ಎಲ್ಲಿ ಕಲ್ತಿ?” ಅಂತ ಕೇಳಿದಳು ಅವನು ಹಾಲು ತಂದಿಟ್ಟಾಗ.

ಹಾಲು ತುಳುಕಿತು. “ಒಬ್ರು ಹಾಡೂದು ಕೇಳಿದ್ದೆ ಯವ್ವಾ,” ಅಂದು ಹೊರಗೆ ಹೋದ.

ಅವತ್ತಿನಿಂದ ಅವಳು ಅವನನ್ನು ಕಣ್ಣಿಟ್ಟು ನೋಡತೊಡಗಿದಳು. ನೋಡಿದಷ್ಟೂ ಕಾಣುತ್ತಾ ಹೋಯಿತು. ರೊಟ್ಟಿ ಮುರಿದು ಕೊಟ್ಟರೆ ಅಂಚಿನ ಕರಕಲು ಭಾಗ ತೆಗೆದು ನಾಯಿಗೆ ಇಡುತ್ತಿದ್ದ. ಸುನೀಲ ಇಡುತ್ತಿದ್ದ ಹಾಗೆ. ಬಾವಿಗೆ ಇಳಿಯುತ್ತಿದ್ದವಳನ್ನು ಹಿಂದಿನಿಂದ ಕೂಗಿ, “ಯವ್ವಾ, ಆ ನಡುವಿನ ಮೆಟ್ಲ ಮ್ಯಾಲೆ ಕಾಲಿಡಬ್ಯಾಡ್ರಿ, ಸಡಲ್ಯಾದ,” ಅಂದ. ಅವನು ಆ ಬಾವಿಯ ಕಡೆಗೆ ಅಲ್ಲಿಯ ತನಕ ಹೋಗಿರಲೇ ಇಲ್ಲ. ತೋಟದ ನೀರು ಕೊಳವೆಬಾವಿಯಿಂದ ಬರುತ್ತಿತ್ತು.

ಭೀಮಬಾಯಿಗೆ ಹೇಳಿದಾಗ ಅವಳು ಎಲೆ ಅಡಿಕೆ ಅಗಿಯುವುದನ್ನೇ ನಿಲ್ಲಿಸಿದಳು.

“ಯಕ್ಕಾ, ನಿನಗ ಇನ್ನೂ ತಿಳೀವಲ್ದೇನು? ಸುನೀಲ ಹೊಕ್ಕಾನ ಇವನ ಮೈಯಾಗ. ಹರೇದಾಗ ಹ್ವಾದಾವ್ರು ಹಂಗೇ ಮನಿ ಹುಡಿಕ್ಕೊಂಡು ಬರ್ತಾರ.”

“ಹಂಗೆಲ್ಲಾ ನಮ್ಮಾಗ ನಂಬಂಗಿಲ್ಲ,” ಅಂದಳು ದೀನಮ್ಮ. ಆದರೆ ಆ ಮಾತು ಗಂಟಲಿನಿಂದ ಮೇಲಷ್ಟೇ ಬಂತು.

ಅಷ್ಟರಲ್ಲಿ ಈಸ್ಟರ್ ಬಂತು. ಪಾಸ್ಟರು ಆ ಮುಂಜಾನೆಯ ಕಥೆ ಹೇಳಿದರು: ಸಮಾಧಿಯ ಹತ್ತಿರ ಅಳುತ್ತಾ ನಿಂತಿದ್ದ ಹೆಂಗಸು, ಸಾವಿನಿಂದ ಎದ್ದು ಬಂದ ಕ್ರಿಸ್ತನನ್ನೇ ಕಣ್ಣೆದುರು ನೋಡಿಯೂ ಯಾರೋ ತೋಟದ ಆಳು ಅಂದುಕೊಂಡಳಂತೆ. ದೀನಮ್ಮ ಈ ಕಥೆಯನ್ನು ಸಣ್ಣವಳಿದ್ದಾಗಿನಿಂದ ಕೇಳಿದ್ದಳು. ಈ ಸಲ ಅದು ಅವಳ ಎದೆಗೆ ಕೈ ಹಾಕಿತು. ಮನೆಗೆ ಬಂದವಳೇ ಪೆಟ್ಟಿಗೆ ತೆಗೆದು ಸುನೀಲನ ನೀಲಿ ಅಂಗಿ ಹೊರಗೆಳೆದಳು. “ನಿನ್ನ ಅಂಗಿ ಹರದದ, ಇದು ತೊಡು,” ಅಂದಳು. ಅಣವೀರಪ್ಪ ಬೇಡ ಅಂದ. ಅವಳು ಬಿಡಲಿಲ್ಲ. ಸುನೀಲನ ತಟ್ಟೆಯಲ್ಲೇ ಊಟಕ್ಕೆ ಬಡಿಸಿದಳು. ಅವನು ಊಟದ ಮುಂದೆ ತಲೆ ಬಗ್ಗಿಸಿ ಕೂತ, ಎರಡು ತುತ್ತು ತಿಂದು ಎದ್ದ.

ಮರುದಿನ ಬಿಸಿಲು ಏರಿದ ಹೊತ್ತು. ದೀನಮ್ಮ ಬುತ್ತಿ ತೆಗೆದುಕೊಂಡು ಬಾಳೆಯ ಸಾಲಿನ ನಡುವೆ ಹೋದಳು. ದೂರದಲ್ಲಿ ನೀಲಿ ಅಂಗಿಯ ಬೆನ್ನು. ಒಣಗಿದ ಎಲೆ ಕೊಯ್ಯುತ್ತಿದ್ದ. ಎಡ ಭುಜ ಸುನೀಲನ ಹಾಗೇ ಸ್ವಲ್ಪ ಇಳಿಬಿಟ್ಟಿದ್ದ, ಕುತ್ತಿಗೆಯ ಬೆವರು ಅಂಗಿಯ ಕೊರಳಿಗೆ ಇಳಿದಿತ್ತು. ಗಾಳಿ ಇಲ್ಲದಿದ್ದರೂ ಅವನ ಪಕ್ಕದ ಒಂದೇ ಒಂದು ಎಲೆ ಮೆಲ್ಲಗೆ ತೂಗುತ್ತಿತ್ತು, ಯಾರೋ ಅದನ್ನು ಸರಿಸಿ ನಿಂತ ಹಾಗೆ. ಅವಳ ಬಾಯಿ ಅವಳ ಅಪ್ಪಣೆ ಕೇಳಲಿಲ್ಲ.

“ಸುನೀಲಾ!”

ಅವನು ತಿರುಗಿದ. ಆ ಮುಖ ಅವಳು ಸಾಯುವ ತನಕ ಮರೆಯುವುದಿಲ್ಲ. ರಕ್ತವೆಲ್ಲ ಇಳಿದು ಬೂದಿ ಬಣ್ಣವಾಗಿತ್ತು. ಕಣ್ಣು ಅವಳನ್ನಲ್ಲ, ಅವಳ ಹಿಂದೆ, ಖಾಲಿ ಜಾಗವನ್ನು ನೋಡುತ್ತಿದ್ದವು.

“ಅವ ಎಲ್ಲಿ ಅದಾನ್ರಿ?” ಅಂದ, ತೊದಲುತ್ತಾ. “ನಿಮಗೂ ಕಾಣ್ತಾನೇನ್ರಿ?”

ಬುತ್ತಿ ಅಲ್ಲೇ ಇಟ್ಟು ಅವಳು ಮನೆಗೆ ಬಂದಳು. ಸುನೀಲನ ಹೆಸರನ್ನು ಅವಳು ಈ ಆಳಿನ ಮುಂದೆ ಅಲ್ಲಿಯ ತನಕ ಎತ್ತಿರಲೇ ಇಲ್ಲ.

ಮರುದಿನ ಮೊದಲ ಬಸ್ಸಿಗೆ ಕಲಬುರಗಿಗೆ ಹೋದಳು. ಶಹಾಬಜಾರದ ಇಕ್ಕಟ್ಟಿನ ಗಲ್ಲಿಯಲ್ಲಿ ಸುನೀಲನಿಗೆ ಕೋಣೆ ಕೊಟ್ಟಿದ್ದ ಮೆಹರುನ್ನಿಸಾಳ ಮನೆ. ವಯಸ್ಸಾದ ಹೆಂಗಸು, ಗಂಡ ಸತ್ತವಳು. ಸುನೀಲನನ್ನು ಮಗನ ಹಾಗೆ ನೋಡಿಕೊಂಡಿದ್ದಳು. ಮಗ ಹೋದ ಮೇಲೆ ದೀನಮ್ಮ ಈ ಹೊಸ್ತಿಲು ತುಳಿದಿರಲಿಲ್ಲ.

“ಆಪಾ, ಒಂದ್ ಮಾತು ಕೇಳ್ತೀನಿ. ನಮ್ಮ ಸುನೀಲಗ ಅಣವೀರಪ್ಪ ಅಂತ ದೋಸ್ತ ಇದ್ನೇನು?”

ಮೆಹರುನ್ನಿಸಾ ಅವಳ ಕೈ ಹಿಡಿದುಕೊಂಡಳು.

“ಹಂಗಾರ ಅವ ನಿನ್ನ ಕಡೀನೇ ಬಂದಾನ,” ಅಂದಳು. “ನಾನೇ ಕಳಿಸಿದ್ದು, ದೀನಾ. ಗುಸ್ಸಾ ಆಗ್ಬ್ಯಾಡ. ಜೈಲಿನಿಂದ ಬಿಟ್ಟ ಮ್ಯಾಲ ಅವ ಸೀದಾ ಇಲ್ಲಿಗಿ ಬಂದ. ಸುನೀಲನ ಕೋಣಿ ಬಾಗಿಲ ಮುಂದ ಕುಂತು ಅತ್ತ, ಅತ್ತ. ನಾ ಹೇಳ್ದೆ, ಇಲ್ಲಿ ಅತ್ರ ಏನ್ ಫಾಯ್ದಾ ಬೇಟಾ? ಅವ್ರ ಅಮ್ಮಾ ಒಬ್ಬಾಕಿ ಅದಾಳ, ಆಕಿ ಕಡಿ ಹೋಗು. ಆಕಿ ಕೇಳೂತನಾ ಏನೂ ಹೇಳಬ್ಯಾಡ, ಕೇಳಿದ ದಿನ ಏನೂ ಮುಚ್ಚಿಡಬ್ಯಾಡ.”

“ಜೈಲು ಯಾಕ?” ಅಂತ ಕೇಳುವಾಗಲೇ ದೀನಮ್ಮನಿಗೆ ಗೊತ್ತಾಗಿತ್ತು. ತನ್ನ ಕಿವಿಗೆ ಬೀಳಬಾರದು ಅಂದಿದ್ದ ಹೆಸರನ್ನು ಅವಳು ಇಷ್ಟು ದಿನ ದಿನಕ್ಕೆ ಹತ್ತು ಸಲ ತನ್ನ ಬಾಯಿಂದಲೇ ಕರೆದಿದ್ದಳು.

ವಾಪಸು ಬಸ್ಸಿನಲ್ಲಿ ಆ ತಿರುವು ಬಂದಾಗ ಅವಳು ಕಣ್ಣು ಮುಚ್ಚಿಕೊಳ್ಳಲಿಲ್ಲ.

ತೋಟದಲ್ಲಿ ಅಣವೀರಪ್ಪ ಅವಳ ಮುಖ ನೋಡಿದ, ಸಲಿಕೆ ಕೆಳಗಿಟ್ಟ, ಮಣ್ಣಿನಲ್ಲೇ ಮೊಣಕಾಲೂರಿದ.

“ಹೇಳು,” ಅಂದಳು.

ಅವನು ಹೇಳಿದ. ಅವರ ಮನೆಯದು ತೊಗರಿ ವ್ಯಾಪಾರ. ಅವತ್ತು ಡ್ರೈವರ್ ಬರಲಿಲ್ಲ ಅಂತ ತಾನೇ ಗಾಡಿ ಓಡಿಸಿದ್ದ. ತಿರುವಿನಲ್ಲಿ ಒಂದು ರೆಪ್ಪೆ ಬಡಿದಷ್ಟು ಹೊತ್ತು ಜೋಂಪು. ಎಚ್ಚರಾದಾಗ ಮೋಟರ್‌ಸೈಕಲ್ ಗಾಡಿಯ ಕೆಳಗಿತ್ತು. ಆಂಬುಲೆನ್ಸ್ ಬರುವುದು ತಡವಾಯಿತು. ಸುನೀಲನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯಲ್ಲೇ ಕೂತಿದ್ದ.

“ಅವ ನನಗ ಮಾತಾಡಿಸ್ಕೋತ ಇರು ಅಂದ್ರಿ. ಮಾತು ನಿಂತ್ರ ಅಂಜಿಕಿ ಬರ್ತದ ಅಂದ. ಎಮ್ಮಿದು ಹೇಳ್ದ, ಕರಿಯಾಂದು ಹೇಳ್ದ. ಬಾವಿ ಮೆಟ್ಲ ಸಡಲ್ಯಾದ, ಹಾಕಸ್ತೀನಿ ಅಂದವ ಹಂಗೇ ಬಿಟ್ಟೀನಿ, ಅವ್ವ ಬಿದ್ದಾಳು ಅಂದ. ನಾ ಅಳಾಕತ್ತಿದ್ನಿ. ಅವನೇ ನನ್ನ ಕೈ ಹಿಡದು, ಅಳಬ್ಯಾಡ ಅಣ್ಣಾ ಅಂದ ಯವ್ವಾ. ನಾ ಯಾರು, ಏನ್ ಮಾಡೀನಿ, ಎಲ್ಲಾ ಗೊತ್ತಿತ್ತು ಅವಗ. ಗೊತ್ತಿದ್ದೂ ಅಣ್ಣಾ ಅಂದ. ಕಡೀಕ ಆ ರಾಗ ಅನ್ನಾಕ ಶುರು ಮಾಡಿದ.”

“ಅದು ಯಾಕ ಅಲ್ಲೇ ನಿಲ್ಲಸ್ತಿ? ಮುಂದಿಂದು ಯಾಕ ಅನ್ನೂದಿಲ್ಲ?”

“ಅಲ್ಲಿಗೇ ನಿಂತಿತ್ರಿ,” ಅಂದ.

ದೀನಮ್ಮನ ಗಂಟಲಿನಿಂದ ಉಳಿದ ರಾಗ ತಾನಾಗಿಯೇ ಹೊರಗೆ ಬಂತು. ಬಾಗಿದಲ್ಲಿಂದ ಇಳಿದು, ಮನೆ ಸೇರುವ ಕೊನೆಯ ತನಕ. ಮುಗಿದ ಮೇಲೆ ನೋಡಿಕೊಂಡರೆ ಕೈಯಲ್ಲಿ ಅವನು ಎಲೆ ಕೊಯ್ಯುವ ಕುಡುಗೋಲು ಇತ್ತು. ಯಾವಾಗ ಎತ್ತಿಕೊಂಡಳೋ ತಿಳಿಯದು. ಅವನು ಕುತ್ತಿಗೆ ಬಗ್ಗಿಸಿ ಕೂತೇ ಇದ್ದ. ಅವಳಿಗೆ ತನ್ನದೇ ಕೈ ನೋಡಿ ಹೆದರಿಕೆಯಾಯಿತು.

“ಹೋಗು,” ಅಂದಳು. “ಅಂಗಿ ಕಳದಿಟ್ಟು ಹೋಗು.”

ಹೋದ. ಆ ಮೇಲೆ ಮನೆಯಲ್ಲಿ ಬಿದ್ದ ಮೌನ ಮಗ ಸತ್ತಾಗಲೂ ಬಿದ್ದಿರಲಿಲ್ಲ. ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಸಿಟ್ಟಿನ ಕೆಳಗೆ ಇನ್ನೊಂದು ದುಃಖ ಇತ್ತು, ನಾಚಿಕೆ ಹುಟ್ಟಿಸುವಂಥದ್ದು: ಮಗ ತಿರುಗಿ ಬಂದಿದ್ದ ಅಂದುಕೊಂಡಿದ್ದಳಲ್ಲ, ಆ ಮಗ ಈಗ ಎರಡನೇ ಸಲ ಸತ್ತ.

ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನ. ಎಲ್ಲರ ಜೊತೆ ದೀನಮ್ಮನೂ ಮುಂದೆ ಹೋಗಿ ಮೊಣಕಾಲೂರಿದಳು. ಪಾಸ್ಟರು ರೊಟ್ಟಿಯ ಸಣ್ಣ ತುಂಡು ಹಿಡಿದು ಅವಳ ಮುಂದೆ ಬಂದು ನಿಂತರು. ಅವಳ ಅಂಗೈ ತೆರೆಯಲಿಲ್ಲ. ಪಾಸ್ಟರು ಕಾದರು. ಅವರ ಬೆರಳಲ್ಲಿದ್ದ ತುಂಡನ್ನೇ ನೋಡುತ್ತಿದ್ದವಳಿಗೆ ತನ್ನ ಅಡುಗೆಮನೆ ಕಂಡಿತು. ಇಷ್ಟು ತಿಂಗಳು, ದಿನಾ ಎರಡು ಹೊತ್ತು, ಜೋಳದ ರೊಟ್ಟಿ ಮುರಿದು ಆ ಮನುಷ್ಯನ ಕೈಗೆ ಇಟ್ಟವಳು ಅವಳೇ. ಜೀವ ತೆಗೆದ ಕೈ ಅದು. ಪ್ರತಿ ಸಲ ಅವನು ಅದನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದ, ಕೊಡುವವಳಿಗೆ ಗೊತ್ತಾದರೆ ಕಸಿದುಕೊಳ್ಳುತ್ತಾಳೆ ಅನ್ನುವ ಹಾಗೆ. ತಾನು ಈಗ ಈ ವೇದಿಯ ಕಟಕಟೆಯ ಮುಂದೆ ಏನು ಹೊತ್ತು ಬಂದು ಕೂತಿದ್ದೇನೆ? ಕುಡುಗೋಲು ಎತ್ತಿದ ಕೈ. ಕೊಡುವ ಕರ್ತನಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಕೊಡುತ್ತಿದ್ದಾನೆ. ಗೊತ್ತಿದ್ದೂ ಅಣ್ಣಾ ಅಂದಿದ್ದನಲ್ಲ ಸುನೀಲ, ರಸ್ತೆಯ ಮೇಲೆ ಬಿದ್ದುಕೊಂಡು.

ಅವಳು ಕೈ ತೆರೆದಳು.

ಅಣವೀರಪ್ಪ ದೂರ ಹೋಗಿರಲಿಲ್ಲ. ಕಮಲಾಪುರದ ಸಂತೆಯಲ್ಲಿ ಬಾಳೆಗೊನೆ ಹೊತ್ತು ಲಾರಿಗೆ ಹಾಕುತ್ತಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಮಲಗುತ್ತಾನೆ ಅಂತ ಭೀಮಬಾಯಿ ಹೇಳಿದ್ದಳು. ದೀನಮ್ಮ ಜನರ ನಡುವೆ ದಾರಿ ಮಾಡಿಕೊಂಡು ಅವನ ಮುಂದೆ ಹೋಗಿ ನಿಂತಳು. ಅವನು ಗೊನೆ ಕೆಳಗಿಳಿಸಿ ಎರಡು ಹೆಜ್ಜೆ ಹಿಂದೆ ಸರಿದ.

“ಮನಿಗಿ ಯಾಕ ಹೋಗಿಲ್ಲ?”

“ಯಾವ ಮುಖ ತಗೊಂಡು ಹೋಗ್ಲಿ ಯವ್ವಾ?”

“ನಿಮ್ಮವ್ವ ಅದಾಳಿಲ್ಲೋ?”

“ಅದಾಳ್ರಿ. ಅಂಬಮ್ಮ ಅಂತ. ಕಲಬುರಗಿಯಾಗ ಐವಾನ್-ಎ-ಶಾಹಿ ಕಡಿ ಮನಿ. ಜೈಲಿಗಿ ಬರ್ತಿದ್ಲು. ನಾನೇ ಭೇಟಿ ಆಗ್ಲಿಲ್ಲ. ನಿಮಗ ಮಗ ಇಲ್ಲದಾಂಗ ಮಾಡಿ, ನಾ ಹೋಗಿ ನಮ್ಮವ್ವನ ಮಗ್ಗಲಾಗ ಹ್ಯಾಂಗ ಕುಂದರ್ಲಿ?”

ದೀನಮ್ಮನಿಗೆ ಆಗ ಬಂದದ್ದು ಸಿಟ್ಟೇ, ಆದರೆ ಬೇರೆ ತರಹದ್ದು.

“ಹುಚ್ಚದೀ ಏನು? ಒಬ್ಬ ತಾಯಿ ಮಗನ್ನ ಕಳಕೊಂಡಾಳಂತ ಇನ್ನೊಬ್ಬಾಕೀನೂ ಕಳಕೋಬೇಕೇನು? ಇದು ಯಾವ ನ್ಯಾಯ? ನೀ ನನ್ನ ಮಗ ಅಲ್ಲ. ನಿನ್ನ ಮೈಯಾಗ ಅವನ್ನ ಹುಡುಕಿದ್ದು ನನ್ನ ಆಸೆಬುರುಕತನ. ಹೋದದ್ದು ಹೋತು, ನಾ ಮಾಫ ಮಾಡೀನಿ. ಇನ್ನೊಮ್ಮಿ ಕೇಳಬ್ಯಾಡ, ನನಗ ಎರಡನೇ ಸಲ ಹೇಳೂ ಶಕ್ತಿ ಇಲ್ಲ. ನಡಿ, ಬಸ್ಸು ಬರೂ ಹೊತ್ತಾತು.”

ಅವನು ಸಂತೆಯ ನಡುವೆ ನಿಂತು ಸಣ್ಣ ಹುಡುಗನ ಹಾಗೆ ಬಿಕ್ಕಿದ. ದೀನಮ್ಮ ಅವನ ತೋಳು ಹಿಡಿದು ಬಸ್ಸಿಗೆ ಹತ್ತಿಸಿದಳು. ತಾನು ಎಲ್ಲಿಗೆ ಹೊರಟಿದ್ದೇನೆ ಅಂತ ಅವಳು ಯಾರಿಗೂ ಹೇಳಿರಲಿಲ್ಲ. ಸಂತೆಗೆ ಬರುವಾಗ ಅವಳಿಗೇ ಗೊತ್ತಿರಲಿಲ್ಲ.

ಐವಾನ್-ಎ-ಶಾಹಿಯ ಆ ಮನೆಯ ಮುಂದೆ ಬೇವಿನ ನೆರಳಿತ್ತು. ಗೇಟು ತೆರೆದೇ ಇತ್ತು. ಬಾಗಿಲಲ್ಲಿ ವಿಭೂತಿ ಹಚ್ಚಿದ, ಬಿಳಿ ಕೂದಲಿನ ಹೆಂಗಸು ನಿಂತಿದ್ದಳು, ಬಹಳ ಹೊತ್ತಿನಿಂದ ನಿಂತಿದ್ದವಳ ಹಾಗೆ. ಅಣವೀರಪ್ಪ ಅಂಗಳದಲ್ಲೇ ಕುಸಿದು ಕೂತ. ಅಂಬಮ್ಮ ಇಳಿದು ಬಂದು ಅವನ ತಲೆಯ ಮೇಲೆ ಕೈ ಇಟ್ಟಳು, ಕೂದಲಲ್ಲಿ ಬೆರಳಾಡಿಸಿದಳು. “ಎಷ್ಟು ಸೊರಗಿದ್ಯೋ,” ಅಂದಳು ಅಷ್ಟೇ. ಆಮೇಲೆ ದೀನಮ್ಮನ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.

“ನೀವು ಅಂತ ಗೊತ್ತಾತ್ರಿ. ಒಳಗ ಬರ್ರಿ. ನಿಮ್ಮ ದಾರೀನೇ ನೋಡಾಕತ್ತಿದ್ದೆ.”

ಒಳಗೆ ಕಟ್ಟೆಯ ಮೇಲೆ ತಟ್ಟೆಯಲ್ಲಿ ಚಹಾದ ಕಪ್ಪು, ಬಸಿ ಜೋಡಿಸಿಟ್ಟಿದ್ದಳು. ಚಹಾ ಕುದಿಯುವ ವಾಸನೆ ಬರುತ್ತಿತ್ತು. ದೀನಮ್ಮ ಹೊಸ್ತಿಲಲ್ಲೇ ನಿಂತಳು.

“ನಾವು ಬರ್ತೀವಂತ ನಿಮಗ ಯಾರು ಹೇಳಿದ್ರು?”

“ನಿಮ್ಮ ಇನ್ನೊಬ್ಬ ಮಗ ಬಂದಿದ್ನಲ್ರಿ ಮುಂಜಾನಿ,” ಅಂದಳು ಅಂಬಮ್ಮ, ಚಹಾ ಸೋಸುತ್ತಾ. “ಗೇಟಿನ ಹೊರಗ ನಿಂತಿದ್ದ. ಅಣ್ಣ ನಮ್ಮವ್ವನ ಜೋಡಿ ಬರ್ತಾನ, ಚಹಾಕ್ಕಿಡ್ರಿ ಅಂದ. ಬಿಸಲಾಗ ಬಂದೀ, ಒಳಗ ಬಾರಪ್ಪಾ ಅಂದ್ರ ಬರ್ಲಿಲ್ಲ, ನಕ್ಕ. ಭಾಳ ಚಲೋ ಹುಡುಗ. ನೋಡಾಕ ಹ್ಯಾಂಗಿದ್ದಾ ಅಂದ್ರ...”

ದೀನಮ್ಮ ಕೈ ಎತ್ತಿದಳು.

“ಬ್ಯಾಡ್ರಿ. ಹ್ಯಾಂಗಿದ್ದಾ ಅಂತ ಹೇಳಬ್ಯಾಡ್ರಿ.”

ಅಂಬಮ್ಮ ಅವಳ ಮುಖ ನೋಡಿದಳು. ತಿಳಿಯದಿದ್ದರೂ ಸುಮ್ಮನಾದಳು. ಕಪ್ಪು ಅವಳ ಕೈಗೆ ಕೊಟ್ಟು ಮೆಲ್ಲಗೆ ಕೇಳಿದಳು:

“ನಿಮ್ಮ ಜೋಡಿ ಯಾಕ ಬರ್ಲಿಲ್ಲ ಅವ?”

ದೀನಮ್ಮ ಕಪ್ಪಿನ ಬಿಸಿಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು.

“ಅವಗ ಬ್ಯಾರೆ ಕಡಿ ಕೆಲಸ ಇತ್ರಿ,” ಅಂದಳು, ಮತ್ತು ಚಹಾ ಕುಡಿದಳು.